ಮರುಭೂಮಿಗೂ ಹಳ್ಳ ಬರುತ್ತದೆ: ವಿಮೆ ಮೊದಲೇ ಮಾಡಿಸಿ

2008ರ ಜುಲೈ 12ರಂದು ಕ್ಯಾಲಿಫೋರ್ನಿಯಾದ ಇನ್ಯೋ ಕೌಂಟಿಯಲ್ಲಿ, ಇಂಡಿಪೆಂಡೆನ್ಸ್ ಎಂಬ ಪುಟ್ಟ ಊರಿನ ಬಳಿ ಓಕ್ ಕ್ರೀಕ್ ತೊರೆ ಕೆಸರಾಗಿ ಹರಿಯಿತು. ಹಿಂದಿನ ಬೇಸಿಗೆಯಲ್ಲಿ ಸಿಯೆರಾ ನೆವಾಡಾ ಬೆಟ್ಟಗಳ ಆ ಇಳಿಜಾರನ್ನು ಕಾಳ್ಗಿಚ್ಚು ಸುಟ್ಟಿತ್ತು. ಬೋಳಾದ ಬೆಟ್ಟದ ಮೇಲೆ ಗುಡುಗುಮಳೆ ಸುರಿದದ್ದೇ ತಡ, ಬೂದಿ, ಮಣ್ಣು, ಬಂಡೆ, ಮರದ ದಿಮ್ಮಿಗಳೆಲ್ಲ ಒಂದಾಗಿ ಕೆಳಗಿಳಿದವು. ಹಲವು ಮನೆಗಳು ಹಾಳಾದವು. 1917ರಲ್ಲಿ ಕಟ್ಟಿದ ಮೀನುಮರಿ ಕೇಂದ್ರಕ್ಕೂ ಕೆಸರು ನುಗ್ಗಿತು.

ಇನ್ಯೋ ಒಣ ಸೀಮೆ. ವಿಸ್ತೀರ್ಣ ಸುಮಾರು 26,000 ಚದರ ಕಿಲೋಮೀಟರು, ಅಂದರೆ ಬೆಳಗಾವಿ ಜಿಲ್ಲೆಯ ಹೆಚ್ಚುಕಡಿಮೆ ಎರಡು ಪಟ್ಟು. ಜನ ಮಾತ್ರ 2020ರ ಗಣತಿಯಂತೆ ಸುಮಾರು 19,000. ಕೌಂಟಿಯ ನೆಲದಲ್ಲಿ ಖಾಸಗಿ ಒಡೆತನದ್ದು ನೂರಕ್ಕೆ ಎರಡು ಪಾಲೂ ಇಲ್ಲ. ಬಹುಪಾಲು ಫೆಡರಲ್ ಸರ್ಕಾರದ್ದು. ಮನೆ ಕಟ್ಟಲು ಸಿಗುವ ಜಾಗವೇ ಕಡಿಮೆ, ಸಿಕ್ಕಿದ್ದೂ ಅನೇಕ ಕಡೆ ಬೆಟ್ಟದ ತೊರೆಗಳು ಬಯಲಿಗೆ ಇಳಿಯುವ ಬುಡದಲ್ಲಿ.

ಡೆತ್ ವ್ಯಾಲಿ ಎಂಬ ಮರುಭೂಮಿ ಕಣಿವೆ ಇರುವುದೂ ಇದೇ ಕೌಂಟಿಯಲ್ಲಿ. ಅಲ್ಲಿನ ಫರ್ನೆಸ್ ಕ್ರೀಕ್‌ನಲ್ಲಿ ವರ್ಷವಿಡೀ ಬೀಳುವ ಮಳೆ ಸರಾಸರಿ 55 ಮಿಲಿಮೀಟರಿನ ಆಸುಪಾಸು. 2023ರ ಆಗಸ್ಟ್ 20ರಂದು ಹಿಲರಿ ಚಂಡಮಾರುತದ ಶೇಷ ಹಾದುಹೋದಾಗ ಅಷ್ಟೂ ಮಳೆ ಒಂದೇ ದಿನದಲ್ಲಿ ಸುರಿಯಿತು. ರಸ್ತೆಗಳು ಕಿತ್ತುಹೋಗಿ ಅಲ್ಲಿನ ರಾಷ್ಟ್ರೀಯ ಉದ್ಯಾನ ಸುಮಾರು ಎರಡು ತಿಂಗಳು ಮುಚ್ಚಿತ್ತು. ಅದಕ್ಕೆ ಬರೀ ಒಂದು ವರ್ಷ ಮೊದಲು, 2022ರ ಆಗಸ್ಟ್ 5ರಂದು, 37 ಮಿಲಿಮೀಟರ್ ಮಳೆಗೆ ಸುಮಾರು ಸಾವಿರ ಜನ ಅಲ್ಲಿ ಸಿಕ್ಕಿಬಿದ್ದಿದ್ದರು. 2004ರ ಆಗಸ್ಟ್‌ನ ನೆರೆ ಇಬ್ಬರ ಪ್ರಾಣವನ್ನೇ ತೆಗೆದಿತ್ತು.

37 ಮಿಲಿಮೀಟರ್ ಮಳೆ ಮಲೆನಾಡಿನಲ್ಲಿ ಯಾರೂ ಲೆಕ್ಕಕ್ಕಿಡದ ಮಳೆ. ಮರುಭೂಮಿಯಲ್ಲಿ ಅದೇಕೆ ಇಷ್ಟು ಹಾವಳಿ ಮಾಡುತ್ತದೆ? ಬಿಸಿಲಿಗೆ ಗಟ್ಟಿಯಾದ ನೆಲ ನೀರನ್ನು ಬೇಗ ಹೀರುವುದಿಲ್ಲ. ಹಿಡಿದು ನಿಲ್ಲಿಸಲು ಗಿಡಗಂಟಿ ಇಲ್ಲ. ಕಡಿದಾದ ಕಣಿವೆಗಳು ಬೆಟ್ಟದ ನೀರನ್ನೆಲ್ಲ ಒಂದೇ ಬಾಯಿಗೆ ತಂದು ಬಿಡುತ್ತವೆ. ಅಲ್ಲಿಂದ ಕೆಳಗೆ ಹರಡಿರುವ ಮೆಕ್ಕಲು ಇಳಿಜಾರಿನಲ್ಲಿ ನೀರಿಗೆ ಗೊತ್ತಾದ ದಾರಿ ಎಂಬುದಿಲ್ಲ. ಒಂದು ಮಳೆಗೆ ಎಡಕ್ಕೆ ಹರಿದದ್ದು ಮುಂದಿನ ಮಳೆಗೆ ಬಲಕ್ಕೆ ತಿರುಗಬಹುದು. ಕಾಳ್ಗಿಚ್ಚು ಬಿದ್ದ ಬೆಟ್ಟವಾದರೆ ಸುಟ್ಟ ಮಣ್ಣು ನೀರನ್ನು ಇನ್ನಷ್ಟು ದೂರ ತಳ್ಳುತ್ತದೆ. ಮೇಲೆಲ್ಲೋ ಮಳೆಯಾಗಿ, ಬಿಸಿಲಿದ್ದ ಊರಿಗೆ ಹಳ್ಳ ಬರುವುದನ್ನು ಬಯಲುಸೀಮೆಯ ಹಿರಿಯರು ಬಲ್ಲರು. 2009ರಲ್ಲಿ ರಾಯಚೂರು, ವಿಜಾಪುರ, ಬಾಗಲಕೋಟೆಯಂಥ ಬರದ ಜಿಲ್ಲೆಗಳೇ ನೆರೆಗೆ ಸಿಕ್ಕಿದ್ದವು.

ಈ ಮನವಿ ಅಮೆರಿಕದ ಪಶ್ಚಿಮದಲ್ಲಿ ನೆಲೆಸಿರುವ ಕನ್ನಡಿಗರಿಗೆ, ಅವರ ನೆರೆಹೊರೆಯವರಿಗೆ, ಅಲ್ಲಿ ಮಕ್ಕಳಿರುವ ತಂದೆತಾಯಿಯರಿಗೆ. ಇನ್ಯೋದ ಪಾಠ ಅರಿಜೋನಾಕ್ಕೂ ನೆವಾಡಾಕ್ಕೂ ಸಲ್ಲುತ್ತದೆ. ಫೀನಿಕ್ಸ್, ಲಾಸ್ ವೇಗಸ್ ಸುತ್ತಮುತ್ತ ಮನೆ ಕೊಳ್ಳುವವರು ಶಾಲೆ, ಕಚೇರಿಯ ದೂರ, ಬಡ್ಡಿದರ ಎಲ್ಲವನ್ನೂ ವಿಚಾರಿಸುತ್ತಾರೆ. ಮನೆಯ ಹಿಂದಿನ ಒಣಹಳ್ಳಕ್ಕೆ ನೀರು ಎಲ್ಲಿಂದ ಬರುತ್ತದೆ ಎಂಬುದನ್ನೂ ಅಷ್ಟೇ ಕಾಳಜಿಯಿಂದ ವಿಚಾರಿಸಬೇಕು.

ಮುಖ್ಯ ಮಾತು ಇದು: ಅಮೆರಿಕದ ಸಾಮಾನ್ಯ ಗೃಹವಿಮೆ ನೆರೆಯ ನಷ್ಟವನ್ನು ತುಂಬಿಕೊಡುವುದಿಲ್ಲ. ಅದಕ್ಕೆ ಪ್ರತ್ಯೇಕ ಪಾಲಿಸಿ ಬೇಕು. 1968ರ ಕಾನೂನಿನಿಂದ ಶುರುವಾದ ರಾಷ್ಟ್ರೀಯ ನೆರೆ ವಿಮಾ ಯೋಜನೆಯಲ್ಲಿ ಒಂದು ಮನೆಯ ಕಟ್ಟಡಕ್ಕೆ 2,50,000 ಡಾಲರ್‌ವರೆಗೆ, ಒಳಗಿನ ಸಾಮಾನಿಗೆ 1,00,000 ಡಾಲರ್‌ವರೆಗೆ ರಕ್ಷಣೆ ಸಿಗುತ್ತದೆ. ಸಾಮಾನಿನ ವಿಮೆಯನ್ನು ಬೇರೆಯಾಗಿಯೇ ಕೇಳಿ ಪಡೆಯಬೇಕು; ಬಾಡಿಗೆದಾರರೂ ಅದನ್ನು ಕೊಳ್ಳಬಹುದು. ಹರಿದುಬರುವ ಕೆಸರಿನ ಹಾನಿ ಈ ಪಾಲಿಸಿಗೆ ಸೇರುತ್ತದೆ, ಗುಡ್ಡಕುಸಿತ ಸೇರುವುದಿಲ್ಲ. ಕಾರಿನ ನಷ್ಟಕ್ಕೆ ಕಾರಿನ ವಿಮೆಯನ್ನೇ ನೋಡಬೇಕು.

ಸರ್ಕಾರದ ನೆರೆ ನಕ್ಷೆಯಲ್ಲಿ ಹೆಚ್ಚು ಅಪಾಯದ ವಲಯವೆಂದು ಗುರುತಿಸಿದ ಜಾಗದ ಮನೆಗೆ ಫೆಡರಲ್ ಬೆಂಬಲದ ಗೃಹಸಾಲ ಪಡೆದರೆ ಈ ವಿಮೆ ಕಡ್ಡಾಯ. ಆ ಗೆರೆಯಿಂದ ಹೊರಗಿರುವ ಅನೇಕರು ಬ್ಯಾಂಕು ಕೇಳಲಿಲ್ಲವೆಂದು ಸುಮ್ಮನಾಗುತ್ತಾರೆ. ಆದರೆ 2014ರಿಂದ 2018ರವರೆಗೆ ಈ ಯೋಜನೆಗೆ ಬಂದ ಕ್ಲೇಮುಗಳಲ್ಲಿ ಶೇ 40ಕ್ಕೂ ಹೆಚ್ಚು ಬಂದದ್ದು ಆ ಗೆರೆಯ ಹೊರಗಿನಿಂದಲೇ. ಗೆರೆಯ ಒಳಗಿನ ಮನೆಗಾದರೋ ವರ್ಷಕ್ಕೆ ಶೇ 1ರಷ್ಟಿರುವ ಅಪಾಯ 30 ವರ್ಷದ ಸಾಲದ ಅವಧಿಗೆ ಶೇ 26 ಆಗುತ್ತದೆ. ನೆರೆ ಬಂದ ಮೇಲೆ ಸರ್ಕಾರ ನೋಡಿಕೊಳ್ಳುತ್ತದೆ ಎನ್ನುವ ನಂಬಿಕೆಯೂ ಬೇಡ. ಫೆಡರಲ್ ನೆರವಿನ ದೊಡ್ಡ ಪಾಲು ಬಡ್ಡಿಸಮೇತ ತೀರಿಸಬೇಕಾದ ಸಾಲ.

ಬೆಲೆಯ ಭಯದಿಂದ ಹಿಂಜರಿಯುವವರು ಒಮ್ಮೆ ತಮ್ಮ ಮನೆಯ ಪ್ರೀಮಿಯಂ ಎಷ್ಟೆಂದು ವಿಮಾ ಏಜೆಂಟರನ್ನು ಕೇಳಬೇಕು. 2021ರ ಅಕ್ಟೋಬರ್‌ನಿಂದ ಜಾರಿಯಾದ ಹೊಸ ಪದ್ಧತಿಯಲ್ಲಿ ಒಂದೊಂದು ಮನೆಯ ಅಪಾಯ ನೋಡಿ ದರ ನಿಗದಿಯಾಗುತ್ತದೆ. ಹಾಗಾಗಿ ಪಕ್ಕದ ಮನೆಯವರು ಹೇಳಿದ ಅಂಕಿ ನಂಬಿ ಕೈಬಿಡುವುದು ಸರಿಯಲ್ಲ.

ಹೊಸ ಪಾಲಿಸಿ ಸಾಮಾನ್ಯವಾಗಿ 30 ದಿನ ಕಳೆದ ಮೇಲಷ್ಟೇ ಚಾಲ್ತಿಗೆ ಬರುತ್ತದೆ. ಚಂಡಮಾರುತದ ಸುದ್ದಿ ಕೇಳಿ ಓಡಿದರೆ ಕೆಲಸವಾಗದು. ಒಂದು ವಿನಾಯಿತಿ ಇದೆ, ಇನ್ಯೋದಂಥ ಕಡೆ ಅದು ತುಂಬ ಮುಖ್ಯ: ಸುಟ್ಟ ಫೆಡರಲ್ ಭೂಮಿಯಿಂದ ಇಳಿದ ನೆರೆಗೆ, ಕಾಳ್ಗಿಚ್ಚು ಹತೋಟಿಗೆ ಬಂದ 60 ದಿನದೊಳಗೆ ಪಾಲಿಸಿ ಕೊಂಡಿದ್ದರೆ, ಆ ಕಾಯುವ ನಿಯಮ ಅಡ್ಡಬಾರದಿರಬಹುದು. ಮನೆಯ ಮೇಲಿನ ಬೆಟ್ಟಕ್ಕೆ ಬೆಂಕಿ ಬಿದ್ದವರು ತಡಮಾಡದೆ ಏಜೆಂಟರನ್ನು ಕಾಣಬೇಕು.

ಆ ಭಾಗದ ಮುಂಗಾರು ಜೋರಾಗುವುದು ಜುಲೈನಲ್ಲಿ. ಮೇ ತಿಂಗಳೊಳಗೆ ಅರ್ಜಿ ಹಾಕಿದರೆ ಅಷ್ಟರಲ್ಲಿ ರಕ್ಷಣೆ ಕೈಯಲ್ಲಿರುತ್ತದೆ. ಕನ್ನಡ ಕೂಟಗಳು ಯುಗಾದಿ ಕಾರ್ಯಕ್ರಮದಲ್ಲಿ ಹದಿನೈದು ನಿಮಿಷ ಇದಕ್ಕೆ ಕೊಡಲಿ. ವಿಮೆ ಬಲ್ಲ ಒಬ್ಬರನ್ನು ಕರೆಸಿ, ಹೊಸದಾಗಿ ಮನೆ ಕೊಂಡವರನ್ನೂ ಬಾಡಿಗೆಗಿರುವ ವಿದ್ಯಾರ್ಥಿಗಳನ್ನೂ ಕೂರಿಸಿ ವಿವರಿಸಲಿ. ಇಂಗ್ಲಿಷಿನ ಪಾಲಿಸಿ ಓದಲು ಕಷ್ಟಪಡುವ ಹಿರಿಯರ ಜೊತೆ ಯಾರಾದರೂ ಕುಳಿತು ಅರ್ಜಿ ತುಂಬಿಸಿಕೊಡಲಿ.