ಚೀಲಾ ಹೊರೂದು ಶೂರತನ, ತಯಾರಿ ಅಲ್ಲ

ಇಲ್ಲಿ ಹೊಳಿ ಏರಿದ ವರ್ಷಾ ನಮ್ಮ ಮಂದಿ ವಾಟ್ಸಾಪಿನಾಗ ಒಂದ ನಮೂನಿ ಫೋಟೋ ಓಡಾಡ್ತಾವ. ಹಿಮದಾಗ ಹುಡುಗ್ರು ಸಾಲಾಗಿ ನಿಂತು, ಕೈಯಿಂದ ಕೈಗೆ ಮರಳಿನ ಚೀಲಾ ದಾಟಸ್ತಿರ್ತಾರ. ಕೆಳಗ ಯಾರರೆ ಬರದಿರ್ತಾರ: ‘ನೋಡ್ರಿ, ಹೊಳಿ ಬರೂದಕ್ಕ ಹೆಂಗ ತಯಾರಿ ಮಾಡ್ಕೋತಾರ. ನಾವು ಯಾವಾಗ ಕಲೀತೇವೋ!’ ನಾ ಇರೋ ಊರು ಫಾರ್ಗೊ, ಅಂದ್ರ ಆ ಫೋಟೋದಾಗಿನ ಊರ. ಹಂಗಾಗಿ ಈ ಮಾತಿಗೆ ನಾ ಹೂಂ ಅನ್ನಂಗಿಲ್ಲ. ಚೀಲಾ ಹೊರೂದು ತಯಾರಿ ಅಲ್ರಿ. ತಯಾರಿ ಸಾಲಲಿಲ್ಲ ಅಂತ ಗೊತ್ತಾದ ಮ್ಯಾಲೆ ಮಾಡೋ ಕಡೀ ಕೆಲಸ ಅದು. ಅದನ್ನ ಹಾಡಿ ಹೊಗಳ್ಕೋತ ಕೂತ್ರ, ಖರೇ ತಯಾರಿ ಯಾವದು ಅಂತ ಯಾರಿಗೂ ಕಾಣಂಗಿಲ್ಲ. ಕಾಣಲಿಲ್ಲಂದ್ರ ಯಾರೂ ಅದಕ್ಕ ರೊಕ್ಕಾ ಕೊಡಂಗಿಲ್ಲ.

ಮೊದ್ಲ ಈ ಹೊಳಿ ಸ್ವಭಾವ ಹೇಳಿಬಿಡ್ತೀನಿ. ರೆಡ್ ರಿವರ್ ಅಂತ ಇದರ ಹೆಸರು. ದಕ್ಷಿಣದಿಂದ ಉತ್ತರಕ್ಕ ಹರೀತದ. ಫಾರ್ಗೊ ದಾಟಿ, ಗ್ರ್ಯಾಂಡ್ ಫೋರ್ಕ್ಸ್ ದಾಟಿ, ಕೆನಡಾದ ವಿನಿಪೆಗ್ ಊರಿಗೆ ಹೋಗ್ತದ. ಸುಗ್ಗಿ ಬಿಸಲಿಗೆ ದಕ್ಷಿಣದ ಹಿಮಾ ಮೊದ್ಲ ಕರಗ್ತದ, ಉತ್ತರದಾಗ ಹೊಳಿ ಇನ್ನೂ ಬರ್ಫ ಆಗಿ ನಿಂತಿರ್ತದ. ನೀರು ಮುಂದ ಹೋಗ್ಲಿಕ್ಕೆ ದಾರಿ ಇಲ್ಲ. ಅದರ ಮ್ಯಾಲೆ ಈ ಸೀಮಿ ಅಂದ್ರ ಸಾವಿರಾರು ವರ್ಷದ ಹಿಂದ ಅಗಾಸಿ ಅನ್ನೋ ಮಹಾ ಸರೋವರದ ತಳಾ. ರೊಟ್ಟಿ ಹಂಚಿನಂಗ ಸಪಾಟ. ಮಣ್ಣು ನಮ್ಮ ನವಲಗುಂದ ಕಡೆ ಎರಿ ಇದ್ದಂಗ, ಕರೀದು, ಜಿಗುಟು, ನೀರು ಲಗೂನ ಕುಡಿಯಂಗಿಲ್ಲ. ಹೊಳಿ ದಂಡಿ ದಾಟಿತಂದ್ರ ನೀರು ಆಳ ಆಗೂದಕಿಂತ ಅಗಲ ಆಗ್ತದ, ಮೈಲುಗಟ್ಟಲೆ.

ಹಂಗಾರ ಖರೇ ತಯಾರಿ ಎಲ್ಲಿಂದ ಶುರು ಆಗ್ತದ? ಹಿಂದಿನ ವರ್ಷದ ಶರದ್ ಋತುವಿನಿಂದ. ಭೂಮಿ ಎಷ್ಟು ಹಸೀ ಇದ್ದಾಗ ಹೆಪ್ಪುಗಟ್ಟಿತು, ಎಷ್ಟು ಆಳಕ್ಕ ಗಟ್ಟಿ ಆತು, ಬಿದ್ದ ಹಿಮಾ ಕರಗಿದ್ರ ಎಷ್ಟು ಇಂಚು ನೀರು ಆಗ್ತದ, ಎಲ್ಲಾ ಅಳೀತಾರ. ಆ ಲೆಕ್ಕಾ ಹಿಡಕೊಂಡು ಹವಾಮಾನ ಇಲಾಖಾದವರು ಚಳಿ ಇನ್ನೂ ಜೋರು ಇದ್ದಾಗನ ಸುಗ್ಗಿ ಹೊಳಿ ಅಂದಾಜು ಹೇಳ್ತಾರ. ಹೇಳೂದು ಒಂದ ಸಂಖ್ಯಾ ಅಲ್ಲ. ಇಷ್ಟು ಅಡಿ ದಾಟೂ ಸಂಭವ ನೂರಕ್ಕ ಇಷ್ಟು, ಅದರ ಮ್ಯಾಲಿನ ಮಟ್ಟ ದಾಟೂ ಸಂಭವ ಇಷ್ಟು, ಹಿಂಗ ಮೆಟ್ಟಲಾ ಮೆಟ್ಟಲಾ ಆಗಿ. ಫಾರ್ಗೊದಾಗ 18 ಅಡಿಗೆ ಹೊಳಿ ಬಂತು ಅಂತ ಲೆಕ್ಕ. ಅಲ್ಲಿಂದ ಮುಂದ ಯಾವ ಅಡಿಗೆ ಯಾವ ರಸ್ತಾ ಬಂದ್, ಯಾವ ಮೋರಿ ಬಾಗಲಾ ಮುಚ್ಚಬೇಕು, ಯಾವ ಓಣಿಗೆ ಒಡ್ಡು ಹಾಕಬೇಕು, ಎಲ್ಲಾ ಮೊದ್ಲ ಬರದಿಟ್ಟಿರ್ತಾರ.

ಈ ಮೆಟ್ಟಲಾ ಮೆಟ್ಟಲಾ ಹೇಳೂದು ಸುಮ್ಮ ಬಂದದ್ದಲ್ಲ. ಗ್ರ್ಯಾಂಡ್ ಫೋರ್ಕ್ಸ್ ಮುಳುಗಿದ ಮ್ಯಾಲೆ ಬಂತು. 1997ರಾಗ ಆ ಊರಿಗೆ 49 ಅಡಿ ಅಂತ ಅಂದಾಜು ಹೇಳಿದ್ರು. ಮಂದಿ 49ನ್ನ ವೇದವಾಕ್ಯ ಮಾಡ್ಕೊಂಡ್ರು. ಅದಕ್ಕ ಮೂರು ಅಡಿ ಸೇರಿಸಿ 52 ಅಡಿಗೆ ಒಡ್ಡು ಕಟ್ಟಿದ್ರು, ಚೀಲಾ ಹೊತ್ರು, ರಾತ್ರಿ ಹಗಲಾ ದುಡದ್ರು. ಹೊಳಿ 54 ಅಡಿ ದಾಟಿ ಬಂತು. ಐವತ್ತು ಸಾವಿರದಷ್ಟು ಮಂದಿ ಊರು ಬಿಟ್ರು. ನೀರಿನ ನಡುವ ಪ್ಯಾಟ್ಯಾಗ ಬೆಂಕಿ ಹತ್ತಿ 11 ಕಟ್ಟಡಾ ಸುಟ್ವು. ಸುತ್ತ ನೀರು ನಿಂತದ್ದಕ್ಕ ಅಗ್ನಿಶಾಮಕ ಗಾಡಿ ಹತ್ರ ಹೋಗಲಾರದಂಗ ಆತು. ಈಗ ಹೇಳ್ರಿ, ಆ ಊರಿನ ಮಂದಿ ಚೀಲಾ ಹೊರೂದರಾಗ ಏನರೆ ಕಡಿಮಿ ಮಾಡಿದ್ರೇನು? ಇಲ್ಲ. ಶೂರತನಕ್ಕ ಏನೂ ಕೊರತಿ ಇರಲಿಲ್ಲ. ಅಂದಾಜು ಎಷ್ಟು ಅಡಿ ತಪ್ಪಬಹುದು ಅನ್ನೂ ಲೆಕ್ಕಾ ಕೊರತಿ ಇತ್ತು.

ಇನ್ನ 2009. ಮಾರ್ಚ್ 28ಕ್ಕ ಫಾರ್ಗೊದಾಗ ಹೊಳಿ 40.84 ಅಡಿ ಮುಟ್ಟಿತು. ಇವತ್ತಿಗೂ ಅದ ದಾಖಲಿ. ಕಾಲೇಜು ಸೂಟಿ ಕೊಟ್ಟು ಹುಡುಗ್ರನ್ನ ಕೆಲಸಕ್ಕ ಹಚ್ಚಿದ್ರು, 30 ಲಕ್ಷಕಿಂತ ಹೆಚ್ಚು ಚೀಲಾ ತುಂಬಿದ್ರು. ಚಳಿಗೆ ಚೀಲದಾಗಿನ ಮರಳು ಕಲ್ಲಾಗಿ, ಒಂದರ ಮ್ಯಾಲೆ ಒಂದು ಸರಿ ಕೂಡದಂಗಾತು. ಊರು ಉಳೀತು. ಒಡ್ಡಿನಿಂದ ಉಳೀತು, ಮಂದಿಯಿಂದ ಉಳೀತು, ಹೊಳಿ ಏರೂ ಹೊತ್ತಿಗೆ ಮತ್ತ ಚಳಿ ಬಿದ್ದು ಹಿಮಾ ಕರಗೂದು ನಿಂತದ್ದರಿಂದಾನೂ ಉಳೀತು. ದೇವರು ಆ ವಾರ ಥಂಡಿ ಕಳಸಲಿಲ್ಲಂದ್ರ ಏನಾಗ್ತಿತ್ತು? ಈ ಪ್ರಶ್ನಾ ಕೇಳಿಕೊಂಡದ್ದ ಫಾರ್ಗೊದ ದೊಡ್ಡತನ. ‘ನಾವು ಗೆದ್ವಿ’ ಅಂತ ಮೆರವಣಿಗಿ ಮಾಡಿ ಸುಮ್ಮ ಕೂಡಲಿಲ್ಲ. ಅದ ವರ್ಷ ಜೂನ್ ತಿಂಗಳಾಗ ಮತದಾನ ಮಾಡಿ, ತಮ್ಮ ಮ್ಯಾಲೆ ತಾವ ಅರ್ಧ ಪರ್ಸೆಂಟ್ ಮಾರಾಟ ತೆರಿಗಿ ಹಾಕ್ಕೊಂಡ್ರು. ನೂರು ಡಾಲರ್ ಸಾಮಾನಿಗೆ 50 ಸೆಂಟು. ಆ ರೊಕ್ಕದಾಗ ಹೊಳಿ ದಂಡಿ ಮ್ಯಾಲಿನ ನೂರಕಿಂತ ಹೆಚ್ಚು ಮನಿ ಕೊಂಡು ಕೆಡವಿದ್ರು, ಕಾಯಂ ಒಡ್ಡು ಕಟ್ಟಿದ್ರು. 2019ರಾಗ ಹೊಳಿ 35 ಅಡಿ ಆಸುಪಾಸು ಬಂದಾಗ 2009ರ ಗದ್ದಲದ ಕಾಲುಭಾಗನೂ ಇರಲಿಲ್ಲ. ಮನಿ ಕೆಡವೂ ಫೋಟೋ ಯಾರೂ ಫಾರ್ವರ್ಡ್ ಮಾಡಂಗಿಲ್ಲ ನೋಡ್ರಿ. ಆದ್ರ ಊರು ಉಳಿಸಿದ್ದು ಅದು.

‘ಅವರದು ಶ್ರೀಮಂತ ದೇಶ, ಮಾಡ್ತಾರ ಬಿಡ್ರಿ’ ಅನ್ನೋವ್ರು ಬ್ಯಾರೆ ಇದ್ದಾರ. ಗ್ರ್ಯಾಂಡ್ ಫೋರ್ಕ್ಸ್ ಏನು ಬಡ ದೇಶದಾಗ ಇತ್ತೇನು? ಅದ ಹೊಳಿ, ಅದ ವರ್ಷ, ಅದಕಿಂತ ಉತ್ತರಕ್ಕ ಇರೋ ವಿನಿಪೆಗ್ ಬಹುತೇಕ ಒಣಗೇ ಉಳೀತು. ಯಾಕ? ಅಲ್ಲಿ 1950ರಾಗ ಹೊಳಿ ಬಂದು ಒಂದು ಲಕ್ಷದಷ್ಟು ಮಂದಿ ಮನಿ ಬಿಟ್ಟಿದ್ರು. ಅದು ಮನಸಿನಾಗ ಇಟ್ಕೊಂಡು, ಡಫ್ ರಾಬ್ಲಿನ್ ಅನ್ನೋ ಮುಖ್ಯಮಂತ್ರಿ ಊರ ಸುತ್ತ 47 ಕಿಲೋಮೀಟರ್ ಕಾಲುವಿ ತೋಡಿಸಿದಾ. 1962ಕ್ಕ ಶುರು, 1968ಕ್ಕ ಮುಗೀತು. ಮಂದಿ ‘ಡಫ್‌ನ ಗಟಾರ’ ಅಂತ ನಕ್ರು. ಮೂವತ್ತು ವರ್ಷದ ಮ್ಯಾಲೆ ಆ ಗಟಾರ ಊರು ಉಳಿಸಿತು. ಎರಡೂ ದೇಶದಾಗ ರೊಕ್ಕಾ ಇತ್ತು. ಒಬ್ಬರು ನೀರು ಇಲ್ಲದಾಗ ಖರ್ಚು ಮಾಡಿದ್ರು, ಇನ್ನೊಬ್ಬರು ನೀರು ಬಂದ ಮ್ಯಾಲೆ ಮಾಡಿದ್ರು. ಎರಡನೇದ ತುಟ್ಟಿ ಬೀಳ್ತದ.

ಇನ್ನ ಇಲ್ಲೇ ಇರೋ ನಮ್ಮವರ ವಾದ. ‘ಟ್ಯಾಕ್ಸ್ ಕಟ್ಟೇವಲ್ಲ, ಸಿಟಿಯವ್ರು ನೋಡ್ಕೋತಾರ.’ ಸಿಟಿಯವ್ರು ಹೊಳಿ ನೋಡ್ಕೋತಾರ್ರಿ, ನಿಮ್ಮ ನೆಲಮಾಳಿಗಿ ನೋಡ್ಕೊಳ್ಳಂಗಿಲ್ಲ. ಇಲ್ಲಿ ಮನಿಗೆ ನೀರು ಬಾಗಲದಿಂದ ಬರೂದು ಕಡಿಮಿ. ನೆಲಮಾಳಿಗಿ ಮೋರಿಯಿಂದ ಉಕ್ಕಿ ಬರ್ತದ, ಅದೂ ಹೊಲಸ ನೀರು. ಅದಕ್ಕ ತೂಬು ತಂದಿಟ್ಟೀರೇನು? ಸಂಪ್ ಪಂಪು ಒಂದು ಬಕೀಟು ನೀರು ಹಾಕಿ ಓಡಸಿ ನೋಡೀರೇನು? ಕರೆಂಟ್ ಹೋದ್ರ ನಡಸ್ಲಿಕ್ಕೆ ಬ್ಯಾಟರಿ ಅದ ಏನು? ಅದರ ಪೈಪು ನೀರನ್ನ ಗ್ವಾಡಿ ಬುಡಕ್ಕ ಬಿಡ್ತದೋ, ದೂರ ಬಿಡ್ತದೋ? ಗ್ವಾಡಿಗೆ ಒತ್ತಿ ನಿಂತ ಹಿಮಾ ಸರಿಸೀರೇನು? ಪಾಸ್‌ಪೋರ್ಟು, ಮನಿ ಕಾಗದ ಮ್ಯಾಲಿನ ಖೋಲಿಗೆ ಹೋಗ್ಯಾವೇನು? ಒಂದು ಶನಿವಾರದ ಕೆಲಸ ಇದು.

ಮತ್ತ ವಿಮಾ. ಮನಿ ವಿಮಾದಾಗ ಹೊಳಿ ನೀರು ಬರಂಗಿಲ್ಲ, ಅದಕ್ಕ ಬ್ಯಾರೆ ವಿಮಾ ಅದ. ಸರಕಾರದ ಆ ವಿಮಾ ತಗೊಂಡ ಮ್ಯಾಲೆ ಜಾರಿಗೆ ಬರ್ಲಿಕ್ಕೆ ಸಾಮಾನ್ಯವಾಗಿ 30 ದಿವಸ ಬೇಕು. ಟೀವ್ಯಾಗ ಹೊಳಿ ನೋಡಿ ಫೋನ್ ಮಾಡಿದ್ರ ಬೆಂಕಿ ಬಿದ್ದಾಗ ಬಾವಿ ತೋಡಿದಂಗ. ಗ್ರ್ಯಾಂಡ್ ಫೋರ್ಕ್ಸದಾಗ ಹೊಳಿ ಬರೂ ಮೊದ್ಲ ವಿಮಾ ತಗೋರಿ ಅಂತ ಜಾಹೀರಾತು ಮಾಡಿದ್ರು. ಭಾಳ ಮಂದಿ ತಗೊಳ್ಳಲಿಲ್ಲ. ‘49 ಅಡಿಗೆ ನಮ್ಮನಿಗೆ ಬರಂಗಿಲ್ಲ’ ಅನ್ನೂ ಲೆಕ್ಕ ಅವರದು.

ಚೀಲಾ ಹೊರೂದನ್ನೂ ಸುಮ್ಮ ಹುರುಪಿನಿಂದ ಮಾಡಂಗಿಲ್ರಿ. ಚೀಲಾ ಪೂರ್ತಿ ತುಂಬಬಾರದು, ಅರ್ಧಕಿಂತ ಒಂಚೂರು ಹೆಚ್ಚು ಸಾಕು. ಹೂರಣ ಹೆಚ್ಚಾದ್ರ ಹೋಳಗಿ ಒಡೀತದಲ್ಲ, ಇಲ್ಲಿ ಒಡ್ಡು ಒಡೀತದ. ಬಾಯಿ ಮಡಚಿ ಕೆಳಗ ಹಾಕಿ, ಇಟ್ಟಂಗಿ ಇಟ್ಟಂಗ ಸಂದಿ ಮುಚ್ಚಿ ಇಟ್ಟು, ಕಾಲಿಲೆ ತುಳೀಬೇಕು. ಎತ್ತರಕ್ಕ ಮೂರ ಪಟ್ಟು ಅಗಲ ಬೇಕು. ನೆಲಮಾಳಿಗ್ಯಾಗ ನೀರು ತುಂಬಿದ್ರ ಗಡಿಬಿಡಿ ಮಾಡಿ ಒಮ್ಮೆಲೇ ಹೊರಗ ಹಾಕಬಾರದು, ಹೊರಗಿನ ಹಸೀ ಮಣ್ಣು ಒತ್ತಿ ಗ್ವಾಡಿ ಒಳಗ ಬೀಳ್ತದ. ದಿವಸಕ್ಕ ಸ್ವಲ್ಪ ಸ್ವಲ್ಪ ತಗೀಬೇಕು. ಇದನ್ನೆಲ್ಲಾ ಕಲಿಯೂದು ಜನವರಿಯೊಳಗ, ನೀರು ಮೊಣಕಾಲಿಗೆ ಬಂದಾಗ ಅಲ್ಲ.

ಆದ್ರ ದೊಡ್ಡ ತಯಾರಿ ಎಲ್ಲಾ ಪುಣ್ಯದ ಕೆಲಸ ಅಂತನೂ ನಾ ಹೇಳಂಗಿಲ್ಲ. ಫಾರ್ಗೊ ಈಗ ತನ್ನ ಸುತ್ತ 30 ಮೈಲು ಕಾಲುವಿ ತೋಡಸ್ಲಿಕತ್ತದ, ಊರಿನ ದಕ್ಷಿಣಕ್ಕ ಗೇಟಿದ್ದ ಉದ್ದನ ಒಡ್ಡು. ದೊಡ್ಡ ಹೊಳಿ ಬಂದಾಗ ಆ ಒಡ್ಡು ನೀರನ್ನ ಹಿಂದ ಹಿಡೀತದ. ಹಿಂದ ಅಂದ್ರ ಎಲ್ಲಿ? ರೈತರ ಹೊಲದಾಗ. ಅವರು ಜಗಳಾ ತಗದ್ರು, ಕೋರ್ಟಿಗೆ ಹೋದ್ರು. 2016ರಾಗ ಮಿನ್ನೆಸೋಟಾ ರಾಜ್ಯ ಪರವಾನಗಿ ಕೊಡಲಿಲ್ಲ. ನಕಾಶಿ ತಿದ್ದಿ ತಂದ ಮ್ಯಾಲೆ 2018ರಾಗ ಕೊಟ್ಟಿತು. ಜಗಳಾ ತಗದವರನ್ನ ಊರಾಗ ಅಡ್ಡಗಾಲು ಹಾಕೋವ್ರು ಅಂತ ಬೈದವರು ಭಾಳ. ನಾ ಬೈಯಂಗಿಲ್ಲ. ಆಲಮಟ್ಟಿ ಹಿನ್ನೀರಿನಾಗ ಹಳೇ ಬಾಗಲಕೋಟಿ ಎಷ್ಟು ಹೋತು ಅಂತ ಗೊತ್ತಿದ್ದವರು ಹಂಗ ಬೈಯೂದು ಶಕ್ಯ ಇಲ್ಲ. ಒಂದು ಊರು ಒಣಗಿರ್ಲಿಕ್ಕೆ ಇನ್ನೊಬ್ಬರ ಅಂಗಳ ತೋಯಿಸಬೇಕಾದ್ರ, ಮೊದ್ಲ ಕೇಳಬೇಕು, ಮೊದ್ಲ ರೊಕ್ಕಾ ಎಣಿಸಿಕೊಡಬೇಕು. ಅದೂ ಒಣಾ ದಿವಸದಾಗ ಮಾಡೋ ಕೆಲಸನ. ಗೇಟು ಇಳಿಸಿದ ಮ್ಯಾಲೆ ಮಾತಾಡಿದ್ರ ಅದು ಮಾತಲ್ಲ, ಸಮಾಧಾನ ಹೇಳೂದು.

ಅದ 2009ರ ಸೆಪ್ಟೆಂಬರ್ ಕಡೀಕ ನಮ್ಮ ಉತ್ತರ ಕರ್ನಾಟಕದಾಗ ಮಳಿ ಹೊಡದು ಊರಿಗೆ ಊರ ಹೋದ್ವು, ನೂರಾರು ಜೀವಾ ಹೋದ್ವು. ಆವಾಗೂ ಶೂರತನಕ್ಕ ಬರ ಇರಲಿಲ್ಲ. ಮಠದಾಗ ದಾಸೋಹ ನಡದ್ವು, ಮನಿಮನಿಯಿಂದ ರೊಟ್ಟಿ ಕಟ್ಟಿ ಕಳಸಿದ್ರು. ನಮ್ಮ ಮಂದಿಗೆ ಮನಸಿಲ್ಲ ಅಂತ ಯಾರೂ ಹೇಳಬ್ಯಾಡ್ರಿ. ಬ್ಯಾಸಗ್ಯಾಗ ತಯಾರಿ ಮಾಡೋ ಬುದ್ಧಿನೂ ನಮಗ ಹೊಸಾದಲ್ಲ. ಮಿರಗ ಕೂಡೂದರೊಳಗ ಮಾಳಿಗಿಗೆ ಮಣ್ಣು ಹಾಕಿಸಿ, ಕಟಗಿ-ಕುಳ್ಳು ಒಟ್ಟಿ, ಹಪ್ಪಳಾ ಸಂಡಗಿ ಡಬ್ಬಿ ತುಂಬೋ ಮಂದಿ ನಾವು. ಮಳಿ ಬಿದ್ದ ಮ್ಯಾಲೆ ಸಂಡಗಿ ಇಡ್ಲಿಕ್ಕೆ ಹೋಗೋ ಹೆಣಮಗಳನ್ನ ಓಣಿಯವ್ರೆಲ್ಲಾ ನಗ್ತಾರ. ಆದ್ರ ಅಡ್ಡಮಳಿ ಹೊಡದು ಓಣ್ಯಾಗ ನೀರು ನಿಂತ ಮ್ಯಾಲೆ ನಾಲಾ ಹೂಳು ತಗೀಲಿಕ್ಕೆ ಜೆಸಿಬಿ ತರೋ ಪುರಸಭಾದವರನ್ನ ಯಾರೂ ನಗಂಗಿಲ್ಲ, ನಿಂತು ಫೋಟೋ ತಗೀತಾರ! ತಗದ ಹೂಳು ದಂಡಿ ಮ್ಯಾಲೆ ಒಟ್ಟಿ ಹೋಗ್ತಾರ, ಮರುದಿವಸದ ಮಳಿಗೆ ಅದು ತಿರಗಿ ನಾಲಾಕ್ಕ ಬರ್ತದ, ಬಿಲ್ಲು ಮಾತ್ರ ಎರಡು ಸರ್ತಿ ಆಗ್ತದ. ಆ ನಾಲಾಕ್ಕ ಕಸದ ಚೀಲಾ ಒಗದವರು ನಾವ, ಅದರ ಮ್ಯಾಲೆ ಹಾಸಗಲ್ಲು ಹಾಕಿ ಅಂಗಳ ಬೆಳಸಿಕೊಂಡವರೂ ನಾವ. ಅದನ್ನೂ ಅನ್ನಬೇಕಾಗ್ತದ.

ಹಂಗಾಗಿ ಫಾರ್ಗೊದಿಂದ ಏನರೆ ತರೂದಿದ್ರ ಚೀಲದ ಫೋಟೋ ಬ್ಯಾಡ, ಇಷ್ಟು ತರ್ರಿ. ನಾಲಾ ಗ್ವಾಡಿ ಮ್ಯಾಲೆ ಅಡಿ ಗುರುತು ಹೊಡಸ್ರಿ, ಯಾವ ಗುರುತಿಗೆ ಯಾವ ಓಣಿಗೆ ನೀರು ಬರ್ತದ ಅಂತ ವಾರ್ಡಿನ ಬೋರ್ಡಿನ ಮ್ಯಾಲೆ ಬರಸ್ರಿ. ಹೂಳು ತಗಿಯೂದು ಯುಗಾದಿಗೆ ಶುರು ಆಗಿ ಅಡ್ಡಮಳಿಯೊಳಗ ಮುಗೀಲಿ, ತಗದದ್ದು ಊರ ಹೊರಗ ಹೋಗೂತನಕ ಬಿಲ್ಲು ಪಾಸ್ ಆಗಬಾರದು. ನಾಲಾ ಮ್ಯಾಲಿನ ಮನಿಯವರಿಗೆ ಮೊದ್ಲ ಬ್ಯಾರೆ ಜಾಗಾ ತೋರಸ್ರಿ, ಆಮ್ಯಾಲೆ ಏಳ್ರಿ ಅನ್ರಿ. ನಿಮ್ಮ ವಾರ್ಡಿನ ಮೆಂಬರು ಮುಂದಿನ ಸರ್ತಿ ವೋಟು ಕೇಳ್ಲಿಕ್ಕೆ ಬಂದಾಗ, ಹೊಳಿ ಬಂದಾಗ ಎಷ್ಟು ಅನ್ನದ ಪೊಟ್ಟಣ ಹಂಚಿದ್ರಿ ಅಂತ ಕೇಳಬ್ಯಾಡ್ರಿ. ಏಪ್ರಿಲ್ ತಿಂಗಳಾಗ ಏನು ಮಾಡಿದ್ರಿ ಅಂತ ಕೇಳ್ರಿ.