ಕಾಲುವೆಯ ಪಾಡು ಕೇಳುವವರಾರು?

ಚೆನ್ನೈಯಲ್ಲಿ ಕೂವಂ, ಅಡ್ಯಾರ್ ನದಿಗಳನ್ನು ಜೋಡಿಸುವ ಬಕಿಂಗ್‌ಹ್ಯಾಮ್ ಕಾಲುವೆಯ ಭಾಗವನ್ನು 1877–78ರ ಕ್ಷಾಮದಲ್ಲಿ ಹಸಿದ ಜನ ಕೂಲಿಗಾಗಿ ತೋಡಿದರು. ದೋಣಿಗಳು ಸಾಗಿದ ಆ ನೀರಿನಲ್ಲೇ ಮುಂದೆ ಕಂಬ ನೆಟ್ಟು, 1997ರಲ್ಲಿ ಮೈಲಾಪುರದವರೆಗೆ ರೈಲು ಓಡಿಸಿದರು. 2008ರಲ್ಲಿ ಅದೇ ಕಾಲುವೆ ರಾಷ್ಟ್ರೀಯ ಜಲಮಾರ್ಗಕ್ಕೆ ಸೇರಿತು! ಕಂಬಗಳ ನಡುವೆ ದೋಣಿ ನುಸುಳಬೇಕೇನು?

‘ಸಾರ್ವಜನಿಕರ ಅಭಿಪ್ರಾಯ ಪಡೆಯಲಾಗಿದೆ’ ಎಂದು ಕಡತದಲ್ಲಿ ಬರೆಯುವುದು ಎಷ್ಟು ಸುಲಭವೆಂದು ಗುಮಾಸ್ತನಾದ ನಾನು ಬಲ್ಲೆ. ಟೆಂಡರಿಗೆ ಮೊದಲೇ ನಕ್ಷೆಯನ್ನು ತಮಿಳಿನಲ್ಲಿ ವಾರ್ಡುವಾರ್ಡಿಗೂ ತೂಗುಹಾಕಲಿ. ನೀರು ಎಲ್ಲಿ ನಿಲ್ಲುತ್ತದೆಂದು ದಡದ ಗುಡಿಸಲಿನವರನ್ನೇ ಕೇಳಲಿ. ಅವರನ್ನು ಎಬ್ಬಿಸಲೇಬೇಕಾದರೆ, ದುಡಿಮೆಯ ಹತ್ತಿರದಲ್ಲೇ ಸೂರು ಕೊಡಲಿ. ಕಲ್ಲುಕಟ್ಟಡಕ್ಕಿಂತ ಮೊದಲು ಚರಂಡಿನೀರು ಕಾಲುವೆಗೆ ಬೀಳುವುದು ನಿಲ್ಲಲಿ.

‘ಹೊರನಾಡಿನ ಕನ್ನಡಿಗರು, ನಮಗೇಕೆ ಈ ಉಸಾಬರಿ?’ ಎನ್ನುವ ಬಂಧುಗಳೇ, ಮನೆಗೆ ನುಗ್ಗುವ ಮಳೆನೀರು ಮಾತೃಭಾಷೆ ಕೇಳುವುದಿಲ್ಲ. ನಾವೂ ಸಭೆಗೆ ಹೋಗಿ ಬಾಯಿ ಬಿಡೋಣ.