ಫ್ಲ್ಯಾಟಿಗೆ ಸಹಿ ಹಾಕುವ ಮುನ್ನ ಮಣ್ಣಿನ ಚರಿತ್ರೆಯನ್ನೂ ಓದೋಣ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ಊರಿನಿಂದ ಹೊತ್ತು ತಂದವರು ನಾವು. ಆದರೆ ಮುಂಬಯಿ ಮಹಾನಗರದಲ್ಲಿ ಮನೆ ಕಟ್ಟುವ ಭಾಗ್ಯ ನಮಗಿಲ್ಲ. ಇಲ್ಲಿ ಮನೆಯನ್ನು ಕೊಳ್ಳಬೇಕು, ಅದೂ ಬೇರೆಯವರು ಕಟ್ಟಿದ್ದನ್ನು. ಹೊಟೇಲು, ಗಿರಣಿ, ಬ್ಯಾಂಕುಗಳಲ್ಲಿ ದುಡಿದ ಮೊದಲ ತಲೆಮಾರಿನ ಕನ್ನಡಿಗರು ಚಾಳಿನ ಖೋಲಿಯಿಂದ ಹೊರಟು ಮುಲುಂಡ್, ಥಾಣೆ, ಡೊಂಬಿವಲಿಗಳಲ್ಲಿ ಓನರ್‌ಶಿಪ್ ಫ್ಲ್ಯಾಟ್ ಮಾಡಿಕೊಂಡರು. ಈಗ ಆ ಕಟ್ಟಡಗಳಿಗೂ ವಯಸ್ಸಾಗಿದೆ. ಸೊಸೈಟಿಯ ಮಹಾಸಭೆಗಳಲ್ಲಿ ರೀಡೆವಲಪ್‌ಮೆಂಟ್ ಒಂದೇ ಮಾತು. ಇನ್ನೊಂದೆಡೆ ಮಕ್ಕಳು ಹೊಸ ಟವರ್‌ಗಳಲ್ಲಿ ಫ್ಲ್ಯಾಟ್ ಬುಕ್ ಮಾಡುತ್ತಿದ್ದಾರೆ.

ಇಂತಹ ಸಭೆಗಳಲ್ಲಿ ನಮ್ಮವರು ಏನನ್ನೂ ಬಿಡದೆ ಕೇಳುತ್ತಾರೆ. ಕಾರ್ಪೆಟ್ ಏರಿಯಾ ಎಷ್ಟು? ಕಾರ್ಪಸ್ ಫಂಡ್ ಎಷ್ಟು? ಕಟ್ಟಡ ಮುಗಿಯುವ ತನಕ ಬಾಡಿಗೆ ಎಷ್ಟು? ಪಾರ್ಕಿಂಗ್ ಉಂಟೇ? ಆದರೆ ಟವರ್ ಏಳುವ ನೆಲದಲ್ಲಿ ಮೊದಲು ಏನಿತ್ತು, ಅದರ ಮಣ್ಣಿನಲ್ಲಿ ಏನು ಉಳಿದಿದೆ ಎಂದು ಕೇಳಿದವರು ವಿರಳ. ಮಹಾನಗರದಲ್ಲಿ ಈ ಪ್ರಶ್ನೆ ಅನಗತ್ಯವೇನಲ್ಲ. 1982ರ ಗಿರಣಿ ಮುಷ್ಕರದ ಬಳಿಕ ಗಿರಣಗಾಂವ್‌ನ ಚಿಮಣಿಗಳು ಒಂದೊಂದಾಗಿ ಆರಿದವು. ಬಳಿಕ ಭಾಂಡೂಪ್, ಕಾಂಜೂರ್‌ಮಾರ್ಗ್, ಮುಲುಂಡ್ ಮತ್ತು ಥಾಣೆಯ ಪೋಖ್ರಣ್ ರೋಡ್, ಘೋಡಬಂದರ್ ರೋಡ್‌ಗಳಲ್ಲೂ ಕಾರ್ಖಾನೆಗಳು ಬಾಗಿಲು ಹಾಕಿದವು. ಅಂತಹ ಅನೇಕ ಜಾಗಗಳಲ್ಲಿ ಇಂದು ಮುಗಿಲೆತ್ತರದ ವಸತಿ ಸಂಕೀರ್ಣಗಳಿವೆ.

ಬಂದಿದೆ ಹೊಸ ನಿಯಮ

ಈ ವಿಷಯ ಈಗ ಮುನ್ನೆಲೆಗೆ ಬರಲು ಕಾರಣವಿದೆ. 2025ರ ಜುಲೈಯಲ್ಲಿ ಕೇಂದ್ರ ಪರಿಸರ ಸಚಿವಾಲಯವು ಕಲುಷಿತ ಸ್ಥಳಗಳ ನಿರ್ವಹಣೆಗೆ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಅಪಾಯಕಾರಿ ತ್ಯಾಜ್ಯವನ್ನು ಹೇಗೆ ಸಾಗಿಸಬೇಕು, ಎಲ್ಲಿ ಸುರಿಯಬೇಕು ಎಂಬುದಕ್ಕೆ ನಮ್ಮಲ್ಲಿ ಹಿಂದಿನಿಂದಲೂ ಕಾನೂನು ಇತ್ತು. ಆದರೆ ಈಗಾಗಲೇ ವಿಷ ಕುಡಿದ ನೆಲವನ್ನು ಗುರುತಿಸಿ ಶುದ್ಧಗೊಳಿಸುವ ಕ್ರಮಬದ್ಧ ವ್ಯವಸ್ಥೆ ಇರಲಿಲ್ಲ. ಆ ಕೊರತೆಯನ್ನು ತುಂಬುವ ಮೊದಲ ಪ್ರಯತ್ನ ಇದು.

ನಿಯಮದ ಸಾರ ಹೀಗಿದೆ. ಜಿಲ್ಲಾಡಳಿತವು ಸಂಶಯಾಸ್ಪದ ಸ್ಥಳಗಳ ವರದಿಯನ್ನು ಆರು ತಿಂಗಳಿಗೊಮ್ಮೆ ಸಿದ್ಧಪಡಿಸಬೇಕು. ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನಗಳೊಳಗೆ ಪ್ರಾಥಮಿಕ ಪರಿಶೀಲನೆ ನಡೆಸಬೇಕು. ಸಂಶಯಕ್ಕೆ ಆಧಾರ ಸಿಕ್ಕರೆ ಮುಂದಿನ ಮೂರು ತಿಂಗಳಲ್ಲಿ ವಿವರವಾದ ಸಮೀಕ್ಷೆ ಮಾಡಿ ನಿರ್ಧಾರಕ್ಕೆ ಬರಬೇಕು. ಮಾಲಿನ್ಯ ಮಾಡಿದವರು ಯಾರೆಂದು ಪತ್ತೆ ಹಚ್ಚಿ ಅವರಿಂದಲೇ ಶುದ್ಧೀಕರಣದ ಖರ್ಚನ್ನು ವಸೂಲು ಮಾಡಬೇಕು. ಅವರು ಸಿಗದಿದ್ದರೆ ಅಥವಾ ಖರ್ಚು ಭರಿಸಲು ಅಶಕ್ತರಾಗಿದ್ದರೆ ಕೇಂದ್ರ ಮತ್ತು ರಾಜ್ಯ ಸರಕಾರಗಳು ಅದನ್ನು ಹೊರಬೇಕು. ಕಸ ಸುರಿಯುವ ಡಂಪಿಂಗ್ ಗ್ರೌಂಡ್, ಗಣಿಗಾರಿಕೆ, ವಿಕಿರಣಶೀಲ ತ್ಯಾಜ್ಯ, ಸಮುದ್ರದಲ್ಲಿ ಚೆಲ್ಲಿದ ತೈಲ ಇವು ಈ ನಿಯಮದ ವ್ಯಾಪ್ತಿಯ ಹೊರಗೆ.

ನಿಯಮ ಬಂದಾಗ ದೇಶದಲ್ಲಿ ಗುರುತಿಸಲಾಗಿದ್ದ ಕಲುಷಿತ ಸ್ಥಳಗಳು 103. ಅವುಗಳಲ್ಲಿ ಶುದ್ಧೀಕರಣ ಕಾರ್ಯ ಆರಂಭವಾಗಿದ್ದುದು ಕೇವಲ 7ರಲ್ಲಿ. ಭೋಪಾಲದ ಉದಾಹರಣೆ ನಮ್ಮ ಕಣ್ಣ ಮುಂದಿದೆ. 1984ರ ದುರಂತದ ಕಾರ್ಖಾನೆಯಲ್ಲಿ ಬಿದ್ದಿದ್ದ 337 ಟನ್ ತ್ಯಾಜ್ಯವನ್ನು ಪೀಥಂಪುರಕ್ಕೆ ಸಾಗಿಸಿದ್ದು 2025ರ ಜನವರಿಯಲ್ಲಿ, ಅಂದರೆ ನಲ್ವತ್ತು ವರ್ಷಗಳ ಬಳಿಕ. ಅದು ಮೇಲೆ ಶೇಖರಿಸಿಟ್ಟಿದ್ದ ತ್ಯಾಜ್ಯ ಮಾತ್ರ. ನೆಲದೊಳಗೆ ಇಳಿದ ವಿಷದ ಲೆಕ್ಕ ಬೇರೆಯೇ.

ಕೂಡಿ ಕೊಂಡ ಕಟ್ಟಡದ ಕಥೆ

ಸೊಸೈಟಿಯಲ್ಲಿ ವಾಸಿಸುವ ನಮಗೆ ತೀರಾ ಹತ್ತಿರವೆನಿಸುವ ಪ್ರಕರಣವೊಂದು ಅಮೆರಿಕದ ನ್ಯೂಜೆರ್ಸಿಯ ಹೊಬೊಕೆನ್ ನಗರದಲ್ಲಿ ನಡೆದಿದೆ. ಅಲ್ಲಿನ ಗ್ರ್ಯಾಂಡ್ ಸ್ಟ್ರೀಟ್‌ನಲ್ಲಿದ್ದ ಐದು ಮಹಡಿಯ ಹಳೆಯ ಕಾರ್ಖಾನೆಯನ್ನು 1993ರಲ್ಲಿ ಕಲಾವಿದರ ಒಂದು ತಂಡ ಪಾಲುದಾರಿಕೆಯಲ್ಲಿ ಖರೀದಿಸಿತು. ನಮ್ಮ ಹಿರಿಯರು ಹತ್ತಾರು ಜನ ಕೂಡಿ ಸೊಸೈಟಿ ಮಾಡಿಕೊಂಡಂತೆಯೇ. ಕಟ್ಟಡವನ್ನು ಮನೆಗಳಾಗಿ ಪರಿವರ್ತಿಸಿ ಸಂಸಾರ ಹೂಡಿದರು. ಆದರೆ ಅದೇ ಕಟ್ಟಡದಲ್ಲಿ ಹಿಂದೆ ದಶಕಗಳ ಕಾಲ ಪಾದರಸದ ಆವಿಯ ದೀಪಗಳನ್ನು ತಯಾರಿಸಲಾಗುತ್ತಿತ್ತು. 1995ರಲ್ಲಿ ನೆಲದ ಹಲಗೆಗಳ ಕೆಳಗೆ ಪಾದರಸದ ಹನಿಗಳು ಕಾಣಿಸಿದವು. ಪರೀಕ್ಷೆ ಮಾಡಿದಾಗ ಹೆಚ್ಚಿನ ನಿವಾಸಿಗಳ ದೇಹದಲ್ಲೂ ಪಾದರಸದ ಪ್ರಮಾಣ ಮಿತಿ ಮೀರಿತ್ತು. 1996ರ ಜನವರಿಯ ಹೊತ್ತಿಗೆ ಎಲ್ಲರೂ ಮನೆ ಬಿಟ್ಟು ಹೊರಡಬೇಕಾಯಿತು. ಮತ್ತೆ ಅವರಾರೂ ಅಲ್ಲಿಗೆ ಮರಳಲಿಲ್ಲ. ಕಟ್ಟಡವನ್ನು ಕೆಡವಿ, ಅಡಿಯ ಮಣ್ಣನ್ನು ಅಗೆದು ತೆಗೆದು, ಜಾಗ ಶುದ್ಧವಾಯಿತೆಂದು ಸರಕಾರದ ಪಟ್ಟಿಯಿಂದ ಬಿಡುಗಡೆಯಾದದ್ದು 2007ರಲ್ಲಿ.

ಅಮೆರಿಕಕ್ಕೆ ಇದು ಮೊದಲ ಪಾಠವೂ ಅಲ್ಲ. ನ್ಯೂಯಾರ್ಕ್ ರಾಜ್ಯದ ಲವ್ ಕೆನಾಲ್ ಎಂಬಲ್ಲಿ ರಾಸಾಯನಿಕ ಕಂಪೆನಿಯೊಂದು 1942ರಿಂದ 1953ರ ತನಕ 20 ಸಾವಿರ ಟನ್‌ಗೂ ಹೆಚ್ಚು ತ್ಯಾಜ್ಯವನ್ನು ಹೂತು, ಆ ಜಾಗವನ್ನು ಶಾಲಾ ಮಂಡಳಿಗೆ ಒಂದು ಡಾಲರಿಗೆ ಮಾರಿತ್ತು. ಅಲ್ಲಿ ಶಾಲೆಯೂ ಸುತ್ತಮುತ್ತ ಮನೆಗಳೂ ಎದ್ದವು. 1978ರಲ್ಲಿ ತುರ್ತು ಪರಿಸ್ಥಿತಿ ಘೋಷಿಸಿ ಕುಟುಂಬಗಳನ್ನು ಸ್ಥಳಾಂತರಿಸಬೇಕಾಯಿತು. ಅಲ್ಲಿನ ಗೃಹಿಣಿಯರ ಹೋರಾಟದ ಫಲವಾಗಿಯೇ 1980ರ 'ಸೂಪರ್‌ಫಂಡ್' ಕಾಯ್ದೆ ಬಂತು. ಅದೇ 1980ರಲ್ಲಿ ನೆದರ್ಲೆಂಡ್ಸ್‌ನ ಲೆಕ್ಕರ್‌ಕೆರ್ಕ್‌ನಲ್ಲಿ ರಾಸಾಯನಿಕ ತ್ಯಾಜ್ಯ ತುಂಬಿಸಿದ ನೆಲದ ಮೇಲೆ ಕಟ್ಟಿದ್ದ ಸುಮಾರು 270 ಮನೆಗಳನ್ನು ತೆರವುಗೊಳಿಸಲಾಯಿತು. ಆ ದೇಶವೂ ಅದರ ಬಳಿಕವೇ ಮಣ್ಣು ಶುದ್ಧೀಕರಣದ ಕಾನೂನು ಮಾಡಿತು.

ಜಪಾನಿನ ಒಸಾಕಾದ ಪ್ರಕರಣ ಇನ್ನೂ ಸ್ಪಷ್ಟವಾದುದು. ಲೋಹ ಕರಗಿಸುವ ಹಳೆಯ ಕಾರ್ಖಾನೆಯ ಜಾಗದಲ್ಲಿ ಅಪಾರ್ಟ್‌ಮೆಂಟ್ ಸಂಕೀರ್ಣ ಎದ್ದಿತು. ಮಣ್ಣಿನಲ್ಲಿ ಆರ್ಸೆನಿಕ್, ಸೆಲೆನಿಯಮ್ ಇರುವುದು ತಿಳಿದಿದ್ದೂ ಖರೀದಿದಾರರಿಗೆ ಹೇಳಲಿಲ್ಲವೆಂಬ ಆರೋಪ ಮಿತ್ಸುಬಿಷಿ ಸಮೂಹದ ಕಂಪೆನಿಗಳ ಮೇಲೆ ಬಂತು. 2005ರಲ್ಲಿ ಉನ್ನತ ಅಧಿಕಾರಿಗಳು ಹುದ್ದೆ ತ್ಯಜಿಸಬೇಕಾಯಿತು, ಫ್ಲ್ಯಾಟ್ ಕೊಂಡವರಿಗೆ ಪರಿಹಾರವೂ ದೊರೆಯಿತು. ಅಲ್ಲಿ ವಿವಾದಕ್ಕೆ ಮೂಲವಾದದ್ದು ಮಣ್ಣಿನ ಮಾಲಿನ್ಯಕ್ಕಿಂತಲೂ ಅದನ್ನು ಮುಚ್ಚಿಟ್ಟದ್ದು.

ವಿಷ ಮೇಲೆ ಬರುವ ದಾರಿ

'ನಾವಿರುವುದು ಹದಿನೈದನೇ ಮಾಳಿಗೆಯಲ್ಲಿ, ಕೆಳಗಿನ ಮಣ್ಣಿನಿಂದ ನಮಗೇನು?' ಎಂದು ಕೇಳುವವರಿದ್ದಾರೆ. ಸೀಸ, ಆರ್ಸೆನಿಕ್, ಕ್ರೋಮಿಯಮ್‌ನಂತಹ ಲೋಹಗಳು ಕೊಳೆತು ಹೋಗುವ ವಸ್ತುಗಳಲ್ಲ. ಕಾರ್ಖಾನೆ ಮುಚ್ಚಿ ಮೂವತ್ತು ವರ್ಷಗಳಾದರೂ ಅವು ನೆಲದಲ್ಲೇ ಇರುತ್ತವೆ. ಆಟದ ಮೈದಾನದ ಧೂಳಿನಲ್ಲಿ ಮಕ್ಕಳ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತವೆ. ಸೀಸವಂತೂ ಎಳೆಯ ಮಕ್ಕಳ ಮೆದುಳಿನ ಬೆಳವಣಿಗೆಗೆ ಮಾರಕ. ಪೆಟ್ರೋಲ್ ಮತ್ತು ದ್ರಾವಕಗಳ ಆವಿ ನೆಲದ ಬಿರುಕುಗಳಿಂದ ಬೇಸ್‌ಮೆಂಟ್ ಹಾಗೂ ತಳಮಾಳಿಗೆಯೊಳಗೆ ನುಸುಳುತ್ತದೆ. ವಾಚ್‌ಮನ್‌ಗಳು ಮಲಗುವುದು ಅಲ್ಲೇ ಎಂಬುದನ್ನು ಮರೆಯಬಾರದು. ಬೇಸಗೆಯಲ್ಲಿ ನೀರಿನ ಕೊರತೆ ನೀಗಲು ಸೊಸೈಟಿ ಕೊರೆಸುವ ಬೋರ್‌ವೆಲ್ ಮೂರನೆಯ ದಾರಿ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಮ್ ಸೇರಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ನಿವೃತ್ತಿಯ ಬಳಿಕ ಊರಿನ ಕಡೆ ಇರೋಣವೆಂದು ಬೆಂಗಳೂರಿನಲ್ಲಿ ಫ್ಲ್ಯಾಟ್ ನೋಡುವ ನಮ್ಮವರಿಗೂ ಈ ಮಾತು ಅನ್ವಯಿಸುತ್ತದೆ.

ಹಾಗೆಂದು ಹಳೆಯ ಕಾರ್ಖಾನೆಯ ಜಾಗವೆಲ್ಲ ವಿಷಮಯವೆಂದು ಗಾಬರಿಗೊಳ್ಳಬೇಕಿಲ್ಲ. ನೂಲು ತೆಗೆಯುವ ಗಿರಣಿಯ ನೆಲ ಬೇರೆ, ಬಣ್ಣ ಹಾಕುವ ವಿಭಾಗದ ನೆಲ ಬೇರೆ. ಗೋದಾಮು ಇದ್ದ ಜಾಗ ಬೇರೆ, ಎಲೆಕ್ಟ್ರೋಪ್ಲೇಟಿಂಗ್ ನಡೆದ ಜಾಗ ಬೇರೆ. ಸಂಶಯಕ್ಕೆ ಉತ್ತರ ಕೊಡಬಲ್ಲುದು ಪರೀಕ್ಷೆ ಮಾತ್ರ. ಮಾಲಿನ್ಯ ಕಂಡುಬಂದರೂ ಚಿಕಿತ್ಸೆಯಿದೆ. ಕೆಟ್ಟ ಮಣ್ಣನ್ನು ಅಗೆದು ತಳೋಜಾದಲ್ಲಿರುವಂತಹ ಅಧಿಕೃತ ತ್ಯಾಜ್ಯ ಘಟಕಕ್ಕೆ ಸಾಗಿಸಬಹುದು. ಮಣ್ಣನ್ನು ತೊಳೆಯಬಹುದು. ಆವಿಯನ್ನು ಕೊಳವೆಗಳ ಮೂಲಕ ಹೀರಿ ತೆಗೆಯಬಹುದು. ತೈಲದಂತಹವನ್ನು ಸೂಕ್ಷ್ಮಜೀವಿಗಳಿಂದ ಕರಗಿಸಬಹುದು. ಲೋಹಗಳನ್ನು ಸಿಮೆಂಟ್ ಬೆರೆಸಿ ಕಟ್ಟಿಹಾಕಬಹುದು, ಮೇಲೆ ಅಭೇದ್ಯ ಪದರ ಹಾಸಬಹುದು. ಯಾವುದೇ ದಾರಿ ಹಿಡಿದರೂ ಕೊನೆಯಲ್ಲಿ ಮತ್ತೆ ಪರೀಕ್ಷಿಸಿ ದೃಢಪಡಿಸಬೇಕು. ಈ ಕೆಲಸವೆಲ್ಲ ಖಾಲಿ ನೆಲದಲ್ಲಿ ಸುಲಭ. ಮೇಲೆ ನಲ್ವತ್ತು ಮಾಳಿಗೆ ಎದ್ದು, ನೂರಾರು ಸಂಸಾರ ಬಂದು ಕೂತ ಬಳಿಕ ಅಗೆಯುವುದಾದರೂ ಎಲ್ಲಿಂದ? ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ನಿಯಮದ ಲೋಪಗಳು

ಹೊಸ ನಿಯಮವನ್ನು ಸ್ವಾಗತಿಸುತ್ತಲೇ ಅದರ ಲೋಪಗಳನ್ನೂ ಹೇಳಬೇಕಾಗಿದೆ. ಮೊದಲನೆಯದಾಗಿ, ಗುರುತಿಸಲು ಗಡುವು ಇದೆ, ಶುದ್ಧಗೊಳಿಸಿ ಮುಗಿಸಲು ಗಡುವಿಲ್ಲ. ರಾಜಸ್ಥಾನದ ಬಿಛ್ಡಿ ಗ್ರಾಮದ ನೆಲ ಮತ್ತು ಬಾವಿಗಳನ್ನು ಹಾಳುಗೆಡವಿದ ಕಾರ್ಖಾನೆಗಳೇ ವೆಚ್ಚ ಭರಿಸಬೇಕೆಂದು ಸುಪ್ರೀಂ ಕೋರ್ಟ್ 1996ರಲ್ಲೇ ತೀರ್ಪಿತ್ತಿತು. ಹಣ ಕಟ್ಟದೆ ಅರ್ಜಿಯ ಮೇಲೆ ಅರ್ಜಿ ಹಾಕುತ್ತ ಬಂದವರಿಗೆ ಕೋರ್ಟ್ 2011ರಲ್ಲಿ ಮತ್ತೊಮ್ಮೆ ಚಾಟಿ ಬೀಸಬೇಕಾಯಿತು. ಗಡುವಿಲ್ಲದ ಹೊಣೆ ಹೀಗೆ ಎಳೆಯುತ್ತದೆ.

ಎರಡನೆಯದಾಗಿ, ಪಟ್ಟಿ ಮಾಡುವ ಹೊಣೆ ಜಿಲ್ಲಾಡಳಿತದ್ದು. ಎಂದೋ ಮುಚ್ಚಿ, ಎರಡು ಮೂರು ಕೈ ಬದಲಾದ ಖಾಸಗಿ ಜಾಗವೊಂದು ತಾನಾಗಿ ಅದರ ಕಣ್ಣಿಗೆ ಬೀಳುವುದು ಕಷ್ಟ. ಮಾಲೀಕನಿಗೆ ಬೆಲೆ ಕುಸಿಯುವ ಭಯ, ಬಿಲ್ಡರನಿಗೆ ವಿಳಂಬದ ಭಯ, ಒಮ್ಮೆ ಫ್ಲ್ಯಾಟ್ ಕೊಂಡ ಮೇಲೆ ನಮಗೂ ಅದೇ ಬೆಲೆಯ ಭಯ. ಹೀಗೆ ಎಲ್ಲರ ಹಿತವೂ ಮೌನದಲ್ಲೇ ಇದ್ದರೆ ಪ್ರಶ್ನೆ ಕೇಳುವವರು ಯಾರು? ಮೌನ ಮುರಿಯಲು ಅನುಕೂಲವಾದ ಹೊತ್ತು ಒಂದೇ, ಅದು ಸಹಿ ಬೀಳುವ ಮೊದಲಿನದು.

ಸೊಸೈಟಿ ಮಾಡಬೇಕಾದುದೇನು?

ಮಹಾರಾಷ್ಟ್ರದಲ್ಲಿ ಸೊಸೈಟಿಗಳ ರೀಡೆವಲಪ್‌ಮೆಂಟಿಗೆ ಸಹಕಾರ ಕಾಯ್ದೆಯ 79ಎ ಅಡಿಯಲ್ಲಿ ಸರಕಾರದ ನಿರ್ದೇಶನವಿದೆ. 2009ರದ್ದನ್ನು ಪರಿಷ್ಕರಿಸಿ 2019ರ ಜುಲೈ 4ರಂದು ಹೊಸದನ್ನು ಹೊರಡಿಸಲಾಗಿದೆ. ಅದರಂತೆ ಸೊಸೈಟಿಯು ಸಲಹೆಗಾರರನ್ನು ನೇಮಿಸಿ ಕಾರ್ಯಸಾಧ್ಯತಾ ವರದಿ ತರಿಸಿಕೊಳ್ಳುತ್ತದೆ. ಆ ವರದಿಯಲ್ಲಿ ಜಾಗದ ಚರಿತ್ರೆಯನ್ನೂ ಸೇರಿಸುವಂತೆ ಸದಸ್ಯರು ಠರಾವು ಮಾಡಬಹುದು. ಹಳೆಯ ಸಿಟಿ ಸರ್ವೆ ದಾಖಲೆ, ಅಕ್ಕಪಕ್ಕದ ಕಾರ್ಖಾನೆ, ಗ್ಯಾರೇಜ್, ಪೆಟ್ರೋಲ್ ಪಂಪ್‌ಗಳ ವಿವರ, ಭರಾವು ಹಾಕಿದ್ದರೆ ಆ ಮಣ್ಣು ಬಂದ ಜಾಗ ಇವೆಲ್ಲ ಅದರಲ್ಲಿರಲಿ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 'ಸಾಯಿಲ್ ಟೆಸ್ಟ್ ಆಗಿದೆ' ಎಂದು ಬಿಲ್ಡರ್ ಹೇಳಿದರೆ ಸಮಾಧಾನಪಡಬೇಡಿ. ಕಟ್ಟಡದ ಭಾರವನ್ನು ನೆಲ ತಾಳುತ್ತದೆಯೇ ಎಂಬ ಪರೀಕ್ಷೆ ಅದು. ಮಣ್ಣಿನಲ್ಲಿ ಯಾವ ಲೋಹ, ಯಾವ ರಾಸಾಯನಿಕವಿದೆ ಎಂಬ ಪರೀಕ್ಷೆ ಬೇರೆಯೇ. ಅದನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ, ಬೇರೆ ಬೇರೆ ಆಳದ ಮಾದರಿಗಳಲ್ಲಿ ಮಾಡಿಸಬೇಕು. 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಯೋಜನೆಗಳಿಗೆ 2006ರ ಅಧಿಸೂಚನೆಯಂತೆ ಪರಿಸರ ಅನುಮತಿ ಕಡ್ಡಾಯ. ಅಂತಹ ಅನೇಕ ಅನುಮತಿ ಪತ್ರಗಳಲ್ಲಿ, ಭಾರಲೋಹಗಳು ಸೋರಿ ಅಂತರ್ಜಲ ಕೆಡದಂತೆ ಮಣ್ಣು ಮತ್ತು ನೀರನ್ನು ಪರೀಕ್ಷಿಸಬೇಕೆಂಬ ಷರತ್ತು ಈಗಾಗಲೇ ಇದೆ. ಆ ವರದಿಯ ಪ್ರತಿ ಕೊಡಿ ಎಂದು ಕೇಳುವುದಕ್ಕೆ ಯಾರೂ ಸಂಕೋಚಪಡಬೇಕಿಲ್ಲ.

ರೇರಾ ಕಾಯ್ದೆಯಂತೆ ಸ್ವಾಧೀನ ಕೊಟ್ಟ ಐದು ವರ್ಷಗಳೊಳಗೆ ಕಾಣುವ ನಿರ್ಮಾಣ ದೋಷವನ್ನು ಬಿಲ್ಡರ್ ಉಚಿತವಾಗಿ ಸರಿಪಡಿಸಬೇಕು. ಆದರೆ ಗೋಡೆಯ ಬಿರುಕಿನಂತೆ ಮಣ್ಣಿನ ವಿಷ ಐದು ವರ್ಷಗಳಲ್ಲಿ ಕಣ್ಣಿಗೆ ಕಾಣುವಂತಹದಲ್ಲ. ಆದುದರಿಂದ ಕರಾರು ಪತ್ರದಲ್ಲೇ ಸ್ಪಷ್ಟ ವಾಕ್ಯ ಇರಬೇಕು: ಮಾಲಿನ್ಯ ಕಂಡುಬಂದರೆ ಶುದ್ಧೀಕರಣದ ಖರ್ಚು ಯಾರದು, ವಿಳಂಬದ ಅವಧಿಯ ಬಾಡಿಗೆ ಯಾರದು, ಅಗೆದ ಮಣ್ಣು ಎಲ್ಲಿಗೆ ಹೋಗುತ್ತದೆ. ನಮ್ಮ ಅಂಗಳದ ಕೆಟ್ಟ ಮಣ್ಣು ರಾತ್ರೋರಾತ್ರಿ ಟ್ರಕ್‌ನಲ್ಲಿ ಹೋಗಿ ಇನ್ನೊಂದು ಬಡಾವಣೆಯ ಭರಾವು ಆಗುವುದಾದರೆ ಅದು ಶುದ್ಧೀಕರಣವಲ್ಲ, ವಿಷದ ವರ್ಗಾವಣೆ ಮಾತ್ರ.

ನಮ್ಮ ಸಂಘಗಳಲ್ಲಿ ವಕೀಲರಿದ್ದಾರೆ, ಇಂಜಿನಿಯರರಿದ್ದಾರೆ, ರಾಸಾಯನಿಕ ಕಾರ್ಖಾನೆಗಳಲ್ಲೇ ದುಡಿದು ನಿವೃತ್ತರಾದವರಿದ್ದಾರೆ. ಯಾವ ಶೆಡ್ಡಿನಲ್ಲಿ ಏನು ನಡೆಯುತ್ತಿತ್ತು, ಯಾವ ಗುಂಡಿಗೆ ಏನು ಸುರಿಯುತ್ತಿದ್ದರು ಎಂಬ ನೆನಪು ಯಾವ ಸರಕಾರಿ ಕಡತಕ್ಕಿಂತಲೂ ಹೆಚ್ಚಾಗಿ ಆ ಹಿರಿಯರ ಬಳಿ ಇದೆ. ವರ್ಷಕ್ಕೆ ಹತ್ತು ಸನ್ಮಾನ, ನಾಲ್ಕು ಯಕ್ಷಗಾನ ಏರ್ಪಡಿಸುವ ಸಂಘಗಳು ಒಂದು ಭಾನುವಾರವನ್ನು ಇದಕ್ಕೂ ಮೀಸಲಿಡಲಿ. ರೀಡೆವಲಪ್‌ಮೆಂಟಿಗೆ ಹೊರಟ ಸೊಸೈಟಿಗಳ ಸದಸ್ಯರನ್ನೂ ಈ ಹಿರಿಯರನ್ನೂ ಒಂದೇ ಕಡೆ ಕೂರಿಸಲಿ. ಹಿರಿಯರ ನೆನಪು ದಾಖಲೆಯಾದರೆ ಜಿಲ್ಲಾಧಿಕಾರಿಗಳ ಪಟ್ಟಿಗೆ ಸೇರಬೇಕಾದ ಜಾಗಗಳ ಹೆಸರನ್ನು ನಾವೇ ಬರೆದು ಕೊಡಬಹುದು. ಆ ತಲೆಮಾರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.